ಹಾಸ್ಯಗಾರ (ಯಕ್ಷಗಾನ)

ಯಕ್ಷಗಾನದಲ್ಲಿ ನಗೆಯ ಪಾತ್ರಗಳನ್ನು ವಹಿಸುವ ಕಲಾವಿದ. ಕರಾವಳಿಯಲ್ಲೂ ಸಾಗರ, ಸೊರಬದ ಮಲೆನಾಡಿನಲ್ಲೂ ಮೇಳದ (ತಂಡದ) ಆಟಕ್ಕೆ ಜನ ಕಾದು ಕೂರುವುದರಲ್ಲಿ ಈತನ ಪಾಲು ದೊಡ್ಡದು. ಬಾಹುಕ, ಮಂಥರೆ, ರಜಕ, ದಾರುಕ, ದೂತ ಮುಂತಾದವು ಈತನ ವೇಷಗಳು.

ಪ್ರಸಂಗದಲ್ಲಿ, ಅಂದರೆ ಆಟದ ಕಥಾಪಠ್ಯದಲ್ಲಿ, ಪದ್ಯವಷ್ಟೇ ಇರುತ್ತದೆ. ಆಟದ ಹಾಡುಗಾರರಾದ ಭಾಗವತರು ಹಾಡಿದ ಮೇಲೆ ಬರುವ ಮಾತು ವೇಷಧಾರಿಯದೇ ಸೃಷ್ಟಿ. ಹಾಸ್ಯಗಾರನಿಗೆ ಇಲ್ಲಿ ಆಧಾರ ಎದುರು ವೇಷದ ಭಾವ. ರಾಜ ಗುಡುಗಿದರೆ ದೂತನ ಮೊಣಕಾಲು ಮೊದಲು ನಡುಗಬೇಕು, ಮಾತು ಆಮೇಲೆ ತೊದಲಬೇಕು. ಆ ಹೆದರಿಕೆ ನಿಜವೆನಿಸಿದಾಗ ಎದುರಿನವನ ಸಿಟ್ಟು ಏರುತ್ತದೆ, ಸನ್ನಿವೇಶ ತಾನಾಗಿ ಬೆಳೆಯುತ್ತದೆ. ಕಟ್ಟಿಕೊಂಡು ಬಂದ ಚಟಾಕಿ ಹಾರಿಸುವವನು ಎದುರಿನವನ ಮಾತನ್ನೇ ಕೇಳಿಸಿಕೊಳ್ಳುವುದಿಲ್ಲ. ಚಪ್ಪಾಳೆ ಸಿಕ್ಕರೂ ಅಲ್ಲಿ ಕಥೆ ನಿಂತುಹೋಗುತ್ತದೆ. ಮಂಥರೆಯ ಪಾತ್ರದಲ್ಲಿ ಈ ಎಚ್ಚರ ಇನ್ನೂ ಮುಖ್ಯ: ಅವಳ ಹೊಟ್ಟೆಕಿಚ್ಚು ನಗಿಸುತ್ತಲೇ ಕೈಕೇಯಿಯ ಮನಸ್ಸನ್ನು ಕೆಡಿಸಬೇಕು.

ಹಿಂದೆ ಈ ವಿದ್ಯೆ ಮೇಳದಲ್ಲೇ ದಕ್ಕುತ್ತಿತ್ತು. ಹುಡುಗರು ಕಥೆಗೆ ಮುಂಚಿನ ಪೂರ್ವರಂಗದ ಕೋಡಂಗಿ ವೇಷದಿಂದ ಆರಂಭಿಸಿ, ರಾತ್ರಿಯಿಡೀ ಹಿರಿಯರ ಮುಖ ನೋಡಿ ಕಲಿಯುತ್ತಿದ್ದರು. ಆಮೇಲೆ ಶಾಲೆಯ ಕಲಿಕೆಯೂ ಬಂತು: 1971ರಲ್ಲಿ ಉಡುಪಿಯ ಯಕ್ಷಗಾನ ಕೇಂದ್ರ ಶುರುವಾಯಿತು. ಹೆಗ್ಗೋಡಿನ ನೀನಾಸಂ 1980ರಲ್ಲಿ ಆಧುನಿಕ ರಂಗಭೂಮಿಗೆ ತರಬೇತಿ ಕೇಂದ್ರ ತೆರೆಯಿತು. ಹೊರದೇಶಗಳಲ್ಲಿ ಇಂಥ ಕಲಿಕೆ ಬರಹಕ್ಕೂ ಇಳಿದಿದೆ: ಅಮೆರಿಕದ ವಯೋಲಾ ಸ್ಪೋಲಿನ್ (1963), ಬ್ರಿಟನ್ನಿನ ಕೀತ್ ಜಾನ್‌ಸ್ಟನ್ (1979) ಆಶು ಅಭಿನಯದ ಪಾಠಗಳನ್ನು ಪುಸ್ತಕವಾಗಿಸಿದರು. ಜೊತೆಗಾರನನ್ನು ಗಮನಿಸಿ ಸ್ಪಂದಿಸುವುದೇ ಅವರ ಅಭ್ಯಾಸಗಳ ತಿರುಳು. ಹಾಸ್ಯಗಾರರ ಪಾಠಗಳೂ ಹಾಗೆ ದಾಖಲಾಗುವುದು ತುರ್ತಿನ ಕೆಲಸ.