ನರ್ಮದೆಯ ದಂಡೆಯ ಕ್ವೇಕರರು: ರಸೂಲಿಯಾದ ಇತಿಹಾಸ

ಸೋಲಾಪುರದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿಗೆ ಹೋಗಿ ಬಂದವರಿಗೆಲ್ಲ ಮಧ್ಯಪ್ರದೇಶದ ಇಟಾರಸಿ ಜಂಕ್ಷನ್ ಗೊತ್ತು. ಅಲ್ಲಿಗೆ ಸಮೀಪದ ಹೋಶಂಗಾಬಾದ್ (2022ರಿಂದ ನರ್ಮದಾಪುರಂ) ಪಟ್ಟಣದ ಅಂಚಿನಲ್ಲಿರುವ ಊರು ರಸೂಲಿಯಾ. ಕ್ವೇಕರ್ ಪಂಥ ಭಾರತದ ಹಳ್ಳಿಗಾಡಿನಲ್ಲಿ ಕಾಲೂರಿದ ಮುಖ್ಯ ಸ್ಥಳಗಳಲ್ಲಿ ಇದೂ ಒಂದು.

ಕ್ವೇಕರರು ತಮ್ಮನ್ನು ಕರೆದುಕೊಳ್ಳುವುದು 'ಫ್ರೆಂಡ್ಸ್', ಅಂದರೆ ಸ್ನೇಹಿತರು ಎಂದು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಈ ಪಂಥಕ್ಕೆ ಬುನಾದಿ ಹಾಕಿದರು. ಇವರ ಮೂಲ ಪದ್ಧತಿಯಲ್ಲಿ ಪಾದ್ರಿ ಇಲ್ಲ, ನೀರಿನ ದೀಕ್ಷಾಸ್ನಾನವೂ ಇಲ್ಲ. ಎಲ್ಲರೂ ಮೌನವಾಗಿ ಕೂರುತ್ತಾರೆ. ಒಳಗಿನಿಂದ ಪ್ರೇರಣೆಯಾದವರು, ಹೆಣ್ಣಾಗಲಿ ಗಂಡಾಗಲಿ, ಎದ್ದು ಮಾತಾಡುತ್ತಾರೆ. ದೇವರಿಗೂ ಭಕ್ತನಿಗೂ ನಡುವೆ ಪೂಜಾರಿ ಬೇಡ ಎಂಬ ಮಾತು ಬಸವಣ್ಣನವರ ನೆನಪಿರುವ ಮಂಗಳವೇಢೆ ಸೀಮೆಗೆ ಹೊಸದೇನಲ್ಲ. ಯುದ್ಧವನ್ನು ವಿರೋಧಿಸುವ ಈ ಪಂಥದ ಎರಡು ಸೇವಾ ಸಂಸ್ಥೆಗಳಿಗೆ 1947ರ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು.

1866ರಲ್ಲಿ ರೇಚಲ್ ಮೆಟ್ಕಾಫ್ ಎಂಬ ಬ್ರಿಟಿಷ್ ಮಹಿಳೆ ಕಾಶಿಗೆ ಬಂದರು. 1874ರ ಹೊತ್ತಿಗೆ ಮಿಷನ್ ಹೋಶಂಗಾಬಾದಿನಲ್ಲಿ ನೆಲೆ ನಿಂತು, ಸೋಹಾಗಪುರ, ಸಿವನಿ ಮಾಲ್ವಾ, ಇಟಾರಸಿಗಳಿಗೂ ಹರಡಿತು. 1896-97 ಮತ್ತು 1899-1900ರ ಬರಗಾಲಗಳಲ್ಲಿ ತಬ್ಬಲಿಗಳಾದ ನೂರಾರು ಮಕ್ಕಳನ್ನು ಮಿಷನ್ ಸಾಕಿತು. ರಸೂಲಿಯಾದ ಕಾರ್ಯಾಗಾರದಲ್ಲಿ ಕೈಕೆಲಸ ಕಲಿಸಲಾಯಿತು. ಅಲ್ಲಿನ ಕ್ರೈಸ್ತ ಸಮುದಾಯ ಬೆಳೆದದ್ದು ಬಹುಮಟ್ಟಿಗೆ ಈ ಮಕ್ಕಳಿಂದ. ಹಸಿದವರಿಗೆ ಅನ್ನ ಕೊಟ್ಟು ಮತಕ್ಕೆ ಸೇರಿಸಿಕೊಂಡರು ಎಂಬ ಆಕ್ಷೇಪ ಅಂದಿನ ಎಲ್ಲ ಮಿಷನ್‌ಗಳ ಮೇಲೂ ಇತ್ತು. ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಮುಂದೆ ದಾರಿ ಬದಲಾಯಿತು. 1930ರ ದಶಕದಲ್ಲಿ ಹಿಲ್ಡಾ ಕ್ಯಾಶ್‌ಮೋರ್ ರಸೂಲಿಯಾವನ್ನು ಗ್ರಾಮಸೇವೆಯ ಕೇಂದ್ರವಾಗಿ ಹೊಸದಾಗಿ ಕಟ್ಟಿದರು. ನಂತರ ಇಲ್ಲಿದ್ದ ಡೊನಾಲ್ಡ್ ಗ್ರೂಮ್ ವಿನೋಬಾರ ಭೂದಾನ ಚಳವಳಿಗೆ ಕೈಜೋಡಿಸಿದರು. ವರ್ಧಾದ ಸೇವಾಗ್ರಾಮದಲ್ಲಿ ಗಾಂಧೀಜಿಯವರ ನಯೀ ತಾಲೀಮ್ ಕೆಲಸ ನೋಡಿಕೊಂಡಿದ್ದ ಮಾರ್ಜರಿ ಸೈಕ್ಸ್ ಕೂಡ ಹಲವು ವರ್ಷ ಇಲ್ಲೇ ಇದ್ದರು. 1970ರ ದಶಕದ ಕೊನೆಯಲ್ಲಿ ಬಂದ ಪ್ರತಾಪ ಅಗರವಾಲ್ ಕೇಂದ್ರದ ಹೊಲಗಳಲ್ಲಿ ರಾಸಾಯನಿಕ ಗೊಬ್ಬರ ಬಿಟ್ಟರು; ಕ್ರಮೇಣ ಉಳುಮೆಯನ್ನೂ ಬಿಟ್ಟು, ಜಪಾನಿನ ಫುಕುವೊಕಾ ಅವರ ಹಾದಿಯ 'ಋಷಿ ಖೇತಿ' ನಡೆಸಿದರು.

ಆದರೆ ರಸೂಲಿಯಾದ ಹೆಸರು ದೂರದೂರಕ್ಕೆ ಹೋದದ್ದು ಶಾಲೆಯ ಮಕ್ಕಳಿಂದ. 1972ರಲ್ಲಿ ಈ ಕೇಂದ್ರ ಮತ್ತು ಕಿಶೋರ್ ಭಾರತಿ ಸಂಸ್ಥೆ ಸೇರಿ 16 ಗ್ರಾಮೀಣ ಮಾಧ್ಯಮಿಕ ಶಾಲೆಗಳಲ್ಲಿ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಆರಂಭಿಸಿದವು. ಬಾಯಿಪಾಠದ ಬದಲು ಮಕ್ಕಳು ತಾವೇ ಪ್ರಯೋಗ ಮಾಡಿ ನೋಡಬೇಕು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡೇ ಕೂರಬಹುದು. ಕ್ರೈಸ್ತ ಧರ್ಮಬೋಧನೆಗೆ ಇಲ್ಲಿ ಜಾಗವಿರಲಿಲ್ಲ. ಅವು ಸರ್ಕಾರಿ ಶಾಲೆಗಳು. 1978ರಲ್ಲಿ ಇದು ಇಡೀ ಜಿಲ್ಲೆಯ ಮಾಧ್ಯಮಿಕ ಶಾಲೆಗಳಿಗೆ ವಿಸ್ತರಿಸಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಹೊಣೆ ವಹಿಸಿಕೊಂಡಿತು. ಮೂವತ್ತು ವರ್ಷ ನಡೆದ ಕಾರ್ಯಕ್ರಮವನ್ನು ಮಧ್ಯಪ್ರದೇಶ ಸರ್ಕಾರ 2002ರಲ್ಲಿ ನಿಲ್ಲಿಸಿತು. ಅದಕ್ಕಾಗಿ ಸಿದ್ಧವಾದ 'ಬಾಲ ವೈಜ್ಞಾನಿಕ' ಪಠ್ಯಪುಸ್ತಕಗಳ ಹೆಸರು ವಿಜ್ಞಾನ ಶಿಕ್ಷಕರ ನಡುವೆ ಈಗಲೂ ಕೇಳಿಬರುತ್ತದೆ.