ಬನಹಟ್ಟಿಯ ಮಗ್ಗ, ಬೀಳಗಿಯ ಹಿನ್ನೀರು, ಕೈಗಾದ ಲೆಕ್ಕ

ಬನಹಟ್ಟಿಯ ಓಣಿಗಳಲ್ಲಿ ಹಗಲಲ್ಲಿ ಕರೆಂಟು ಹೋದರೆ ಮೊದಲು ಗೊತ್ತಾಗುವುದು ಕಿವಿಗೆ. ವಿದ್ಯುತ್ ಮಗ್ಗಗಳ ಖಟಖಟ ಒಮ್ಮೆಲೇ ನಿಲ್ಲುತ್ತದೆ. ರಬಕವಿ-ಬನಹಟ್ಟಿಯ ನೇಕಾರರಿಗೆ ಮಗ್ಗ ನಿಂತರೆ ಕೂಲಿಯೂ ನಿಂತಂತೆ. ಅಣುವಿದ್ಯುತ್ತಿನ ಪರವಾದ ವಾದವನ್ನು ದಿಲ್ಲಿಯಿಂದಲ್ಲ, ಈ ಓಣಿಯಿಂದ ಆರಂಭಿಸಬೇಕು ಎಂದು ನನಗನಿಸುತ್ತದೆ.

ಈ ಸೀಮೆಯಲ್ಲಿ ವಿದ್ಯುತ್ತು ಹುಟ್ಟುವುದೇ ಇಲ್ಲ ಎಂದಲ್ಲ. ಮುಧೋಳ, ಜಮಖಂಡಿ ಭಾಗದ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಸುಟ್ಟು ವಿದ್ಯುತ್ ತಯಾರಿಸುತ್ತವೆ. ಆದರೆ ಕಬ್ಬು ನುರಿಸುವ ಹಂಗಾಮು ಮುಗಿದರೆ ಸಿಪ್ಪೆಯೂ ಮುಗಿಯಿತು. ಆಲಮಟ್ಟಿ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವಾಟ್. ಅದು ಕೃಷ್ಣೆಯ ಹರಿವನ್ನು ನಂಬಿದೆ. ಸೌರಫಲಕ ಸಂಜೆಗೆ ಸುಮ್ಮನಾಗುತ್ತದೆ. ಉಳಿದದ್ದು ಕಲ್ಲಿದ್ದಲು, ರಾಯಚೂರು, ಬಳ್ಳಾರಿಯ ಸ್ಥಾವರಗಳಿಗೆ ಅದು ಹೊರಗಿನಿಂದ ಬರಬೇಕು.

ಅಣುಸ್ಥಾವರದ ಪರವಾದ ವಾದ ಗಟ್ಟಿಯಾಗುವುದು ಇಲ್ಲಿಯೇ. ಉತ್ತರ ಕನ್ನಡದ ಕೈಗಾದಲ್ಲಿ 2000ದಿಂದ 2011ರವರೆಗೆ ಒಂದೊಂದಾಗಿ ಆರಂಭವಾದ ನಾಲ್ಕು ಘಟಕಗಳ ಒಟ್ಟು ಸಾಮರ್ಥ್ಯ 880 ಮೆಗಾವಾಟ್. ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ, 962 ದಿನ, ಒಮ್ಮೆಯೂ ನಿಲ್ಲದೆ ನಡೆದು ವಿಶ್ವದಾಖಲೆ ಮಾಡಿತು.

ಆದರೆ ಚರಿತ್ರೆಯ ವಿದ್ಯಾರ್ಥಿ ಅದೇ ಘಟಕದ ಇನ್ನೊಂದು ಮೇ 13ನ್ನೂ ನೆನೆಯಬೇಕು. 1994ರಲ್ಲಿ ಅಂದು, ಕಟ್ಟುತ್ತಿದ್ದ ಗುಮ್ಮಟದ ಕಾಂಕ್ರೀಟು ಕಳಚಿಬಿತ್ತು. ಇಂಧನ ಇನ್ನೂ ತುಂಬಿರಲಿಲ್ಲ. ಅದಕ್ಕೂ ಮೊದಲು, 1989ರಲ್ಲಿ, ಶಿವರಾಮ ಕಾರಂತರು ಕೈಗಾವನ್ನು ವಿರೋಧಿಸಿ ಲೋಕಸಭೆಗೆ ಸ್ಪರ್ಧಿಸಿ ಸೋತಿದ್ದರು. ಸ್ಥಾವರ ಚೆನ್ನಾಗಿ ನಡೆದ ಮಾತ್ರಕ್ಕೆ ಅವರ ವಿರೋಧಕ್ಕೆ ಉತ್ತರ ಸಿಕ್ಕಂತಾಗಲಿಲ್ಲ. ಯಂತ್ರದ ದಾಖಲೆ ಬೇರೆ, ಜನರ ಒಪ್ಪಿಗೆ ಬೇರೆ.

ಒಪ್ಪಿಗೆ ಎಂದರೇನು ಎಂಬುದನ್ನು ಈ ಸೀಮೆ ಎರಡು ರೀತಿಯಲ್ಲಿ ಕಂಡಿದೆ. ಅದೇ 1989ರಲ್ಲಿ ಜಮಖಂಡಿ ಬಳಿಯ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣ ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರನ್ನು ಜನ 1991ರಲ್ಲಿ, ರಾಮಕೃಷ್ಣ ಹೆಗಡೆಯವರ ಎದುರು ಗೆಲ್ಲಿಸಿ ಲೋಕಸಭೆಗೆ ಕಳಿಸಿದರು. ಅದೇ ಹೊಳೆಯ ಕೆಳಗೆ, ಬೀಳಗಿ ತಾಲೂಕಿನ ಊರುಗಳು ಆಲಮಟ್ಟಿಯ ಹಿನ್ನೀರಿಗೆ ಹೋದವು. ಆ ನೀರು ಹಸಿರಾಗಿಸಿದ ಹೊಲಗಳು ಬಹುಪಾಲು ಬೇರೆ ಜಿಲ್ಲೆಗಳವು.

ಈಗ 2025ರ ಕೇಂದ್ರ ಬಜೆಟ್ಟು 20,000 ಕೋಟಿ ರೂಪಾಯಿ ತೆಗೆದಿರಿಸಿ, 2033ರೊಳಗೆ ಕನಿಷ್ಠ ಐದು ದೇಶೀ ಸಣ್ಣ ರಿಯಾಕ್ಟರುಗಳನ್ನು ನಡೆಸುವ ಗುರಿ ಇಟ್ಟಿದೆ. 2047ಕ್ಕೆ ಒಟ್ಟು ಗುರಿ 100 ಗಿಗಾವಾಟ್. ಹೊಸ ವಿನ್ಯಾಸಗಳಲ್ಲಿ ಹಲವು, ಪಂಪು ನಿಂತರೂ ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ಸಹಜ ಚಲನೆಯಿಂದಲೇ ತಣಿಯುವಂಥವು. ಇದು ನಿಜವಾದ ಮುನ್ನಡೆ. ಬಳಸಿದ ಇಂಧನವನ್ನು ತಲೆಮಾರುಗಳ ಕಾಲ ಕಾಯುವ ಹೊಣೆ ಮಾತ್ರ ತಪ್ಪಿಲ್ಲ. ಸಣ್ಣ ಸ್ಥಾವರ ಅಗ್ಗವೆಂಬುದು ಕಟ್ಟಿ ತೋರಿಸಿದ ಮೇಲೆ ನಂಬಬೇಕಾದ ಮಾತು.

ನಾನು ಈ ಸ್ಥಾವರಗಳ ಪರ. ಆದರೆ ಜಾಗ ಗುರುತಿಸುವ ಮೊದಲೇ ನೀರು, ಖರ್ಚು, ತ್ಯಾಜ್ಯ, ಪರಿಹಾರದ ಲೆಕ್ಕವನ್ನು ಕನ್ನಡದಲ್ಲಿ ಊರ ಮುಂದಿಡಬೇಕು. ಬೇಡ ಎನ್ನುವ ಹಕ್ಕೂ ಊರಿಗಿರಬೇಕು. ಬನಹಟ್ಟಿಯ ಮಗ್ಗ ರಾತ್ರಿಯೂ ನಡೆಯಲಿ. ಅದಕ್ಕಾಗಿ ಬೀಳಗಿಯವರಂತೆ ಇನ್ನೊಂದು ತಾಲೂಕಿನವರು ಕೇಳದೆಯೇ ಊರು ಬಿಡುವಂತಾಗಬಾರದು.