ಬ್ಲ್ಯಾಕ್‌ಪೂಲಿನ ಮನೆಯೊಡತಿಯರು

ರಾತ್ರಿಯ ಹಾಸಿಗೆಗೂ ಬೆಳಗಿನ ಉಪಾಹಾರಕ್ಕೂ ಸೇರಿಸಿ ಒಂದೇ ದರ ಹೇಳುವ ಇಂಗ್ಲೆಂಡಿನ ‘ಬೆಡ್ ಅಂಡ್ ಬ್ರೇಕ್‌ಫಾಸ್ಟ್’ ಮನೆಗಳನ್ನು ಹಳೆಯ ಆತಿಥ್ಯಧರ್ಮದ ಅವಶೇಷಗಳೆಂದು ಬಣ್ಣಿಸುವವರುಂಟು. ವಿಕ್ಟೋರಿಯಾ ರಾಣಿಯ ಕಾಲದ ಕಡಲತೀರದ ವಸತಿಗೃಹಗಳ ವ್ಯವಹಾರವನ್ನು ಪರಿಶೀಲಿಸಿದರೆ ಈ ಮಾತು ನಿಲ್ಲುವುದಿಲ್ಲ. ಅಲ್ಲಿ ಉಪ್ಪಿಗೂ ಪ್ರತ್ಯೇಕ ಬೆಲೆಯಿತ್ತು.

ಲ್ಯಾಂಕಷೈರಿನ ಬ್ಲ್ಯಾಕ್‌ಪೂಲ್ ಇದಕ್ಕೆ ಉತ್ತಮ ನಿದರ್ಶನ. 1846ರಲ್ಲಿ ರೈಲು ಬಂದಾಗ ಅದೊಂದು ಸಣ್ಣ ಊರು. 1851ರಲ್ಲಿ ಸುಮಾರು 2,500ರಷ್ಟಿದ್ದ ಜನಸಂಖ್ಯೆ 1901ರ ವೇಳೆಗೆ 47,000ವನ್ನು ಮೀರಿತ್ತು. ಅದನ್ನು ಬೆಳೆಸಿದವರು ಮುಖ್ಯವಾಗಿ ಹತ್ತಿ ಗಿರಣಿಗಳ ಕೆಲಸಗಾರರು. ‘ವೇಕ್ಸ್’ ಎಂಬುದು ಮೂಲದಲ್ಲಿ ಊರ ಇಗರ್ಜಿಯ ಉತ್ಸವ. ಆ ವಾರದಲ್ಲಿ ಒಂದು ಊರಿನ ಗಿರಣಿಗಳೆಲ್ಲ ಏಕಕಾಲಕ್ಕೆ ಮುಚ್ಚುತ್ತಿದ್ದವು. ಊರಿಗೆ ಊರೇ ಕಡಲಿಗೆ ಹೊರಡುತ್ತಿತ್ತು. ಊರೂರಿಗೆ ವಾರ ಬೇರೆಯಾದುದರಿಂದ ವಸತಿಗೃಹಗಳಿಗೆ ಬೇಸಿಗೆಯುದ್ದಕ್ಕೂ ಗಿರಾಕಿಗಳು ದೊರೆಯುತ್ತಿದ್ದರು. ರಜೆಗೆ ಸಂಬಳವಿರಲಿಲ್ಲ, ವರ್ಷವಿಡೀ ಕೂಡಿಟ್ಟ ಕಾಸಿನಿಂದಲೇ ಎಲ್ಲವೂ ನಡೆಯಬೇಕಿತ್ತು.

ಈ ಮಿತವ್ಯಯದಿಂದಲೇ ಒಂದು ವಿಚಿತ್ರ ಪದ್ಧತಿ ಬೆಳೆಯಿತು. ಅತಿಥಿ ಬಾಡಿಗೆ ಕೊಡುತ್ತಿದ್ದುದು ಮಲಗುವ ಸ್ಥಳಕ್ಕೆ ಮಾತ್ರ. ಮಾಂಸ, ಬ್ರೆಡ್ಡು, ಚಹದ ಪುಡಿಗಳನ್ನು ಅವನೇ ಕೊಂಡು ತರಬೇಕು, ಇಲ್ಲವೇ ತರಿಸಿಕೊಳ್ಳಬೇಕು. ನಾಲ್ಕಾರು ಸಂಸಾರಗಳ ಸಾಮಾನನ್ನು ಒಂದೇ ಒಲೆಯ ಮೇಲೆ, ಒಂದಕ್ಕೊಂದು ಬೆರೆಯದಂತೆ ಬೇಯಿಸಿ ಬಡಿಸುವ ಹೊಣೆ ಒಡತಿಯದು. ಎಲ್ಲರಿಗೂ ಒಂದೇ ಅಡಿಗೆ ಮಾಡುವ ನಮ್ಮ ಖಾನಾವಳಿಯ ಕೆಲಸ ಇದರ ಮುಂದೆ ಹಗುರವೇ! ಉಪ್ಪು, ಮೆಣಸು, ಸಾಸಿವೆಗಳ ಬಟ್ಟಲುಗಳಿರುವ ‘ಕ್ರೂಯೆಟ್’ಗೆ ಕೊನೆಯಲ್ಲಿ ಬೇರೆ ಲೆಕ್ಕ. ಹಾಸ್ಯಗಾರರು ಈ ಲೆಕ್ಕವನ್ನು ಹಿಡಿದು ಒಡತಿಯನ್ನು ಜಿಪುಣಿಯೆಂದು ಬಹುಕಾಲ ನಗೆಗೀಡು ಮಾಡಿದರು. ಆದರೆ ಕೆಲವೇ ತಿಂಗಳ ಗಳಿಕೆಯಿಂದ ಇಡೀ ವರ್ಷದ ಬಾಡಿಗೆ, ತೆರಿಗೆಗಳನ್ನು ತೀರಿಸಬೇಕಾದವಳು ಉಪ್ಪನ್ನು ಲೆಕ್ಕಿಸಿದ್ದರಲ್ಲಿ ಆಶ್ಚರ್ಯವೇನು? ಜನ ಕಿಕ್ಕಿರಿದ ವಾರಗಳಲ್ಲಿ ಅವಳ ಮಕ್ಕಳು ತಮ್ಮ ಹಾಸಿಗೆಯನ್ನು ಗಿರಾಕಿಗಳಿಗೆ ಬಿಟ್ಟು ಅಡಿಗೆಮನೆಯಲ್ಲಿ ಮಲಗುತ್ತಿದ್ದರು.

ಈ ಒಡತಿಯರಲ್ಲಿ ಅನೇಕರು ಗಿರಣಿ ಊರುಗಳಿಂದಲೇ ವಲಸೆ ಬಂದವರು. ವಿಧವೆಯರೂ ಅವಿವಾಹಿತೆಯರೂ ಕಡಿಮೆಯಿರಲಿಲ್ಲ. ಗಂಡನಿದ್ದ ಕಡೆ ಜನಗಣತಿಯಲ್ಲಿ ಬೇರಾವುದೋ ಉದ್ಯೋಗದೊಂದಿಗೆ ಅವನ ಹೆಸರು ಮುಂದೆ ನಿಲ್ಲುತ್ತಿತ್ತು. ಮನೆ ನಡೆಸುತ್ತಿದ್ದವಳ ದುಡಿಮೆ ಎಷ್ಟೋ ವೇಳೆ ದಾಖಲೆಗೇ ಬರಲಿಲ್ಲ. ತವರಿನ ಹೆಸರೇ ಅವಳ ಬಂಡವಾಳ. ಬರ್ನ್ಲಿಯಿಂದ ಬಂದವಳ ಮನೆಗೆ ಬರ್ನ್ಲಿಯವರು ವರ್ಷವರ್ಷವೂ ಬರುವರು. ಅಲ್ಲಿ ಊರಿನ ಮಾತು, ಊರಿನ ಸುದ್ದಿ.

1938ರಲ್ಲಿ ಸಂಬಳಸಹಿತ ರಜೆಯ ಶಾಸನವಾಯಿತು. ಆ ವೇಳೆಗಾಗಲೇ ಸಾಮಾನು ತರುವ ಪದ್ಧತಿ ಹಿಂದೆ ಸರಿದು, ಊಟವನ್ನೂ ಸೇರಿಸಿದ ದರ ರೂಢಿಗೆ ಬರುತ್ತಿತ್ತು. 1960ರ ದಶಕದಿಂದ ಸ್ಪೇನಿನ ಅಗ್ಗದ ವಿಮಾನಯಾತ್ರೆಗಳು ಗಿರಾಕಿಗಳನ್ನು ಸೆಳೆದುಕೊಂಡವು. ಸಾಲುಮನೆಗಳಲ್ಲಿ ಹಲವು ಬಿಡಿ ಬಾಡಿಗೆಯ ಕೋಣೆಗಳಾದವು. ಉಳಿದ ಕೆಲವು ಇಂದಿಗೂ ಹಾಸಿಗೆಗೂ ಬೆಳಗಿನ ಉಪಾಹಾರಕ್ಕೂ ಒಂದೇ ದರ ಹೇಳುತ್ತವೆ.